ಬಣ್ಣದ ಕೆಳಗಿನ ಬೆಸುಗೆ

ಮುರಿದುದನ್ನು ಕೂಡಿಸುವ, ಮುಚ್ಚಿದುದನ್ನೆಲ್ಲ ಕಾಣುವ ಪರಮಾತ್ಮನಿಗೆ ತಲೆಬಾಗಿ ಈ ಕಥೆಯನ್ನು ತೊಡಗುತ್ತೇನೆ. ಹೇಳುವ ನಾಲಗೆಯನ್ನು ಅವನು ಸತ್ಯದಲ್ಲಿರಿಸಲಿ.

"ಅಲ್ಲಿ ಬೇಡ," ಎಂದ ಗಾಡಿ ರಿಪೇರಿಯ ಮೇಸ್ತ್ರಿ. ಹಳೆಯ ಮೋಟಾರ್‌ಸೈಕಲಿನ ಹಿಂಚಕ್ರದ ಮೇಲಿನ ಕೊಳವೆಯಲ್ಲಿ, ಸರಿಯಾಗಿ ಆ ಜಾಗದಲ್ಲೇ, ಸರಕಿನ ಪೆಟ್ಟಿಗೆ ಕೂರಿಸಬೇಕೆಂದು ಬಂದ ಹೆಂಗಸಿನ ಬೆರಳು ನಿಂತಿತ್ತು.

"ಯಾಕೆ ಬೇಡ?"

"ಪೆಟ್ಟಿಗೆ ಈ ಕಾಲದ್ದು, ಗಾಡಿ ನನ್ನ ಕಾಲದ್ದು. ಅಲ್ಲಿ ಬೆಸುಗೆ ಹಾಕಬೇಕಂದ್ರೆ ಬಣ್ಣ ಕೆರೀಬೇಕಮ್ಮ. ಅಂದ ಕೆಡುತ್ತೆ."

"ಅಂದ ನೋಡೋರು ಇನ್ಯಾರಿದ್ದಾರೆ, ಮೇಸ್ತ್ರಿಗಳೇ?"

ಮೇಸ್ತ್ರಿ ಕೊಳವೆಯ ಮೇಲೆ ಚಿಂದಿಯೊಂದನ್ನು ಎಳೆದ.

ಆ ಬಣ್ಣದ ಕೆಳಗೇನಿದೆಯೆಂಬುದು ಅವನೊಬ್ಬನಿಗೇ ಗೊತ್ತಿತ್ತು. ಮೂರು ವರ್ಷಗಳ ಹಿಂದೆ ಈಕೆಯ ಅಣ್ಣ ಇದೇ ಗಾಡಿಯನ್ನು ತಂದು ನಿಲ್ಲಿಸಿದ್ದ. ಚೌಕಟ್ಟಿನ ಕೊಳವೆ ತುಂಡಾಗಿತ್ತು. ಅಂಥದನ್ನು ಕೂಡಿಸಲು ಕ್ರಮವೊಂದುಂಟು: ಕೊಳವೆಯೊಳಗೆ ಉಕ್ಕಿನ ಗಿಡ್ಡ ತುಂಡೊಂದನ್ನು ತೂರಿಸಿ, ಅದನ್ನೂ ಸೇರಿಸಿ ಎರಡು ತುದಿಗಳನ್ನು ಬೆಸೆಯಬೇಕು. ಅಂದು ಮೇಸ್ತ್ರಿಗೆ ಗಡಿಬಿಡಿ. ಒಳತುಂಡಿಲ್ಲದೆಯೇ ಬೆಸೆದ, ಉಜ್ಜಿ ನುಣುಪು ಮಾಡಿದ, ಮೇಲೆ ಕಪ್ಪು ಬಳಿದ. ತಿಂಗಳು ತುಂಬುವ ಮೊದಲೇ ಊರಾಚೆಯ ತಿರುವಿನಲ್ಲಿ ಗಾಡಿ ಉರುಳಿತು. ಅಣ್ಣ ಸತ್ತ. ಹಿಂದೆ ಕೂತಿದ್ದ ತಂಗಿ, ಇದೇ ಈಕೆ, ಉಳಿದಳೆಂದು ಊರೆಲ್ಲ ಹೇಳಿತು. ಗಾಡಿಯನ್ನು ಶೆಡ್ಡಿಗೆ ಸೇರಿಸಿ ಮುಸುಕು ಹಾಕಿದರು. ಬೆಸುಗೆಯನ್ನು ಯಾರೂ ಪರೀಕ್ಷಿಸಲಿಲ್ಲ. ಅದೇ ಬಿಟ್ಟುಕೊಂಡಿತೆಂದು ಮೇಸ್ತ್ರಿಯ ಅಂತರಂಗ ಮಾತ್ರ ಅಂದೇ ತೀರ್ಪು ಕೊಟ್ಟಿತ್ತು.

ಈಗ ಈಕೆ ಆ ಗಾಡಿಯನ್ನು ಸರಕಿನ ಲಾರಿಯಲ್ಲಿ ಹೇರಿಕೊಂಡು ಬಂದಿದ್ದಳು. ಜೊತೆಗೆ ಬೀಗವಿರುವ ಎರಡು ಗಟ್ಟಿ ಪೆಟ್ಟಿಗೆಗಳು, ಅಂಗಡಿಯಲ್ಲಿದ್ದವುಗಳಲ್ಲೇ ಭಾರವಾದವು. ಬಟ್ಟೆಯ ಚೀಲ ಸಾಕೆಂದು ಮೇಸ್ತ್ರಿ ಹೇಳಿದರೂ ಒಪ್ಪಲಿಲ್ಲ.

"ಓಡಿಸೋರು ಯಾರಮ್ಮ?"

"ಯಾರಾದರೂ." ಸ್ವಲ್ಪ ತಡೆದು ಆಕೆಯೇ ಕೇಳಿದಳು: "ಎರಡನೇ ಗೇರಿಗೆ ಇಳಿಸುವಾಗ ಇದು ಕಚ್ಚಿಕೊಳ್ತಿತ್ತು. ಅದೂ ದೋಷವೇ ಅಲ್ವಾ?"

ಅಣ್ಣ ಹೇಳಿರಬೇಕು ಎಂದುಕೊಂಡ ಮೇಸ್ತ್ರಿ. ಲೆಕ್ಕ ಕೇಳಲು ಬಂದವಳು ಒಂದೊಂದೇ ಎಳೆ ಬಿಚ್ಚುತ್ತಿದ್ದಾಳೆ ಎಂದೂ ಅನ್ನಿಸಿತು.

ಎರಡು ದಿನ ಒದ್ದಾಡಿದ. ಹೊಸ ಗಾಡಿಗಳಿಗೆ ಪೆಟ್ಟಿಗೆ ಕೂರುವ ರಂಧ್ರಗಳು ಹುಟ್ಟಿನಿಂದಲೇ ಇರುತ್ತವೆ. ಇದಕ್ಕೆ ಒಂದೂ ಇರಲಿಲ್ಲ. ಎಡಕ್ಕೆ ಸೂಚನಾದೀಪ ಅಡ್ಡ, ಬಲಕ್ಕೆ ಹೊಗೆಕೊಳವೆಯ ಬಿಸಿ. ದೀಪವನ್ನು ಹಿಂದಕ್ಕೆ ಸರಿಸಿದ, ಎರಡು ಬೆರಳಗಲದ ಉಕ್ಕಿನ ಬಳೆಗಳನ್ನು ಕಡೆದು ಪೆಟ್ಟಿಗೆಗಳನ್ನು ಹೊರಕ್ಕೆ ತಳ್ಳಿದ, ಆ ಜಾಗವನ್ನು ಮುಟ್ಟದಂತೆ ಬರಿಯ ಹಿಡಿಕೆಪಟ್ಟಿಗಳಿಂದಲೇ ಬಿಗಿದ.

"ಎರಡು ಡಬ್ಬಿ ಕೂರಿಸೋಕೆ ಎರಡು ದಿನ!" ಚಹಾ ತಂದಿಟ್ಟ ಹೆಂಡತಿ ನಕ್ಕಳು. "ನನ್ನನ್ನ ನೋಡೋಕೆ ಬಂದಾಗ ಎರಡೇ ನಿಮಿಷಕ್ಕೆ ಒಪ್ಪಿಬಿಟ್ರಲ್ಲ, ಆಗೆಲ್ಲಿ ಹೋಗಿತ್ತು ಈ ಯೋಚನೆ?"

ಮೇಸ್ತ್ರಿ ನಗಲಿಲ್ಲ. ಲೋಟ ಬದಿಗಿಟ್ಟು ಮತ್ತೆ ಪಟ್ಟಿ ಬಿಗಿಯತೊಡಗಿದ.

ಮೂರನೆಯ ಬೆಳಿಗ್ಗೆ ತಂಗಿ ಬಂದಳು. ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟಳು. ಪಟ್ಟಿಗಳು ಕಿರುಗುಟ್ಟಿದವು, ಪೆಟ್ಟಿಗೆ ಕೆಳಕ್ಕೆ ಜಾರಿತು.

"ತುಂಬಿಸಿದ ಮೇಲೆ ನಿಲ್ಲುತ್ತಾ?"

"ನಿಲ್ಲುತ್ತೆ."

"ದೇವರ ಮೇಲೆ ಆಣೆ ಇಟ್ಟು ಹೇಳ್ತೀರಾ?"

ಹೂಂ ಅಂದರೆ ಇನ್ನೊಂದು ಜೀವ ಅದೇ ತಿರುವಿಗೆ ಹೋಗುತ್ತದೆ. ಉಹೂಂ ಅಂದರೆ ತನ್ನ ಹೆಸರು, ಅನ್ನ, ಹೆಂಡತಿಯ ಆ ನಗು, ಎಲ್ಲವೂ ಹೋಗುತ್ತದೆ.

"ಇಲ್ಲ," ಎಂದ. "ಆ ಬೆಸುಗೆ ನಂದೇ ಅಮ್ಮ. ಒಳತುಂಡು ಹಾಕಲಿಲ್ಲ. ಮೂರು ವರ್ಷದಿಂದ ನಿದ್ದೆ ಮಾಡಿಲ್ಲ. ನಿಮ್ಮ ಅಣ್ಣನ್ನ ಕೊಂದವನು ನಾನು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಂಗಿ ಕೂಗಾಡಲಿಲ್ಲ, ಶಪಿಸಲಿಲ್ಲ. ಮತ್ತೆ ಅದೇ ಜಾಗದ ಮೇಲೆ ಬೆರಳಿಟ್ಟಳು.

"ಕೆರೀರಿ. ಬಿರುಕನ್ನ ನನ್ನ ಕಣ್ಣಿಗೆ ತೋರಿಸಿ."

ಕೆರೆದ. ಕಪ್ಪು ಹೋಯಿತು, ಅದರಡಿಯ ಕೆಂಪು ಹೋಯಿತು, ಬೆತ್ತಲೆ ಉಕ್ಕು ಹೊಳೆಯಿತು. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಹಳಬರ ವಿಧಾನದಂತೆ ಬೆಸುಗೆಯ ಸುತ್ತ ಸೀಮೆಎಣ್ಣೆ ಸವರಿದ, ಕಾದು ಒರೆಸಿದ, ಸೀಮೆಸುಣ್ಣದ ಪುಡಿ ಉಜ್ಜಿದ. ಕೂದಲೆಳೆಯಷ್ಟು ಸೀಳಿದ್ದರೂ ಒಳಗಿಳಿದ ಎಣ್ಣೆ ಜಿನುಗಿ ಬಿಳುಪಿನ ಮೇಲೆ ಕರಿಗೆರೆ ಮೂಡಿಸುತ್ತದೆ.

ಮೂವರೂ ಬಾಗಿ ನೋಡಿದರು. ಗೋಡೆಯ ಗಡಿಯಾರದ ಮುಳ್ಳು ಕಾಲು ಸುತ್ತು ಸರಿಯಿತು.

ಬಿಳಿ ಬಿಳಿಯಾಗಿಯೇ ಉಳಿಯಿತು.

"ಇನ್ನೊಂದು ಸಲ," ಎಂದಳು ತಂಗಿ.

ಇನ್ನೊಂದು ಸಲವೂ ಉಜ್ಜಿದ. ಗೆರೆಯಿಲ್ಲ. ತಪ್ಪು ಬೆಸುಗೆ, ಆದರೆ ದೇವರ ದಯೆಯಿಂದ ಅಖಂಡವಾಗಿ ನಿಂತಿತ್ತು. ಮೇಸ್ತ್ರಿ ನೆಲಕ್ಕೆ ಹಣೆ ಹಚ್ಚಿ ಮಗುವಿನಂತೆ ಅತ್ತ.

"ಇದರಿಂದ ಅಲ್ಲಮ್ಮ! ನಿಮ್ಮ ಅಣ್ಣ ಹೋಗಿದ್ದು ಇದರಿಂದ ಅಲ್ಲ! ಗಾಡೀಲಿ ಏನೂ ತಪ್ಪಿರಲಿಲ್ಲ!"

ತಲೆಯೆತ್ತಿದಾಗ ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಗೋಡೆಗೊರಗಿ ಮೆಲ್ಲಗೆ ಕುಸಿದು ಕೂತಳು.

"ಪೆಟ್ಟಿಗೆ ಬರೀ ನೆಪ. ಇದರಲ್ಲಿ ಬಿರುಕಿರಲಿ ಅಂತ ಮೂರು ವರ್ಷದಿಂದ ಬೇಡಿಕೊಂಡೆ, ಮೇಸ್ತ್ರಿಗಳೇ. ಆ ದಿನ ಹಿಂದೆ ಕೂತಿದ್ದವನು ಅಣ್ಣ, ಓಡಿಸ್ತಿದ್ದವಳು ನಾನು."

ಈ ಕಥೆಯನ್ನು ಕೇಳಿದವರೆಲ್ಲರ ಎದೆಯ ಹೊರೆಯನ್ನು ಪರಮಾತ್ಮನು ಹಗುರಗೊಳಿಸಲಿ. ಹೇಳಲಾರದ ಮಾತನ್ನು ಹೊತ್ತು ನಡೆಯುವವರಿಗೆ ಕೇಳುವ ಕಿವಿಯೊಂದು ದೊರೆಯಲಿ.