ದಬ್ಬಣದ ತೂತು

ಫಕೀರವ್ವ ಎಣಗಾಯಿಗೆಂದು ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಹುಳ ಮುಟ್ಟದ ತಳಿಯೇ ನಾಡೆಲ್ಲ ತುಂಬಿ ಎಷ್ಟೋ ವರ್ಷವಾಗಿದ್ದರೂ ಅವಳು ಈ ಚಾಳಿ ಬಿಟ್ಟಿರಲಿಲ್ಲ.

“ಇನ್ನೂ ಏನ್ ಹುಡಕ್ತೀರಿ ಅತ್ತಿ? ದಬ್ಬಣದ ತೂತು ಅವು,” ಸೊಸೆ ಕಸ್ತೂರಿ ನಕ್ಕಳು.

ಹುಳದ ತೂತಿದ್ದರೆ ಜವಾರಿ, ಹಳೆಯ ನಾಟಿ ತಳಿ ಎಂದು ಜನ ಮುಗಿಬೀಳುತ್ತಿದ್ದರಿಂದ ಸಂತೆಯವರು ಕಾಯಿಗಳನ್ನು ದಬ್ಬಣದಿಂದ ಚುಚ್ಚಿಯೇ ಮಾರುತ್ತಿದ್ದರು. ಅದು ಫಕೀರವ್ವನಿಗೂ ಗೊತ್ತಿತ್ತು. ಆದರೆ ಅವ್ವ ಬೈದುಕೊಳ್ಳುತ್ತಲೇ ಹುಳ ತೆಗೆದು ಮಾಡುತ್ತಿದ್ದ ಎಣಗಾಯಿಯ ರುಚಿ ಆಮೇಲೆ ಅವಳ ನಾಲಿಗೆಗೆ ಸಿಕ್ಕೇ ಇರಲಿಲ್ಲ.

ಕೊನೆಯ ಕಾಯಿ ಸೀಳಿದಾಗ ಒಳಗೇನೋ ಅಲುಗಾಡಿತು. ನಸುಗೆಂಪು ಬಣ್ಣದ ಒಂದು ಹುಳ.

“ಬಂದೇನಪಾ?” ಎಂದಳು ಫಕೀರವ್ವ ಹುಳಕ್ಕೆ, ಬಹಳ ದಿನಕ್ಕೆ ಬಂದು ಬಾಗಿಲಲ್ಲಿ ನಿಂತ ತಮ್ಮನನ್ನು ಕೇಳುವಂತೆ. ಕಣ್ಣು ತುಂಬಿ ಬಂದವು.

“ಅಯ್ಯ, ಖರೇನ ಜವಾರಿ! ಕೊಡ್ರಿಲ್ಲೆ, ಹುಳ ತಗದು ನಿಮಗಂತ ಬ್ಯಾರೇನ ಮಾಡ್ತೀನಿ,” ಕಸ್ತೂರಿ ಕೈ ಚಾಚಿದಳು.

ಫಕೀರವ್ವ ಸೀಳುಗಳನ್ನು ಮೆಲ್ಲಗೆ ಮುಚ್ಚಿ, ದಾರ ಸುತ್ತಿ, ಕಾಯಿಯನ್ನು ಕಿಟಕಿಯ ನೆರಳಲ್ಲಿಟ್ಟಳು.

“ಬ್ಯಾಡ ಬಿಡವಾ. ಅದು ಉಣ್ಣಾಕತ್ತೈತಿ. ಉಣ್ಣೂ ಹೊತ್ತಿನ್ಯಾಗ ಯಾರನ್ನರ ಎಬ್ಬಸ್ತಾರೇನು?”