ಪ್ರಭಾರ

ಕುಲಪತಿಗಳ ಅವಧಿ ಇಂದು ಸಂಜೆಗೆ ಮುಗಿಯುತ್ತಿತ್ತು. ಹೊಸಬರು ಬರುವವರೆಗೆ, ಊರಿನಲ್ಲಿ ಹಾಜರಿರುವ ಡೀನ್‌ಗಳ ಪೈಕಿ ಹಿರಿಯರಿಗೆ ಪ್ರಭಾರ ಕೊಡುವುದು ವಿಶ್ವವಿದ್ಯಾಲಯದ ಪದ್ಧತಿ. ಎಲ್ಲರಿಗಿಂತ ಹಿರಿಯರು ವಿಶಾಲಾಕ್ಷಿ ಮೇಡಂ. ಅವರ ನಂತರದವನು ಕುಲಪತಿಗಳ ಭಾವಮೈದುನ. ಅದಕ್ಕೇ ಅವರು ಮೇಡಂ ಹೆಸರನ್ನು ಶಿಲ್ಲಾಂಗಿನ ಸಮ್ಮೇಳನಕ್ಕೆ ಸೂಚಿಸಿದ್ದರು.

"ಇಷ್ಟು ವರ್ಷದಲ್ಲಿ ನನ್ನನ್ನ ನೆನಪಿಟ್ಕೊಂಡು ಕಳಿಸ್ತಿರೋರು ನೀವೊಬ್ಬರೇ ಸರ್" ಎಂದಿದ್ದರು ಆಕೆ. ಆ ಮಾತು ಚುಚ್ಚುತ್ತಲೇ ಇತ್ತು. ಬೆಳಗಿನಿಂದ ಕೊನೆಯ ದಿನದ ಫೈಲುಗಳಿಗೆ ಓದದೆಯೇ ಸಹಿ ಹಾಕುತ್ತ ಅವರು ಅದನ್ನು ಮರೆಯಲು ನೋಡಿದರು.

ಮಧ್ಯಾಹ್ನ ಹಾರ ಹಿಡಿದು ಒಳಗೆ ಬಂದವರು ಅದೇ ಮೇಡಂ.

"ನೀವು ಹೊರಡಲಿಲ್ವಾ?"

"ನಿಮ್ಮ ಬೀಳ್ಕೊಡುಗೆಗೆ ನಾನಿಲ್ದೆ ಹೇಗೆ ಸರ್? ಮನಸ್ಸು ಒಪ್ಪಲಿಲ್ಲ."

ಕುಲಪತಿಗಳಿಗೆ ತಲೆ ಎತ್ತಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಡಬೇಕೆನಿಸಿತು.

"ಮೇಡಂ, ನಾನು ನಿಮಗೆ..."

"ಬೇಜಾರು ಮಾಡ್ಕೋಬೇಡಿ ಸರ್, ಆ ಅವಕಾಶ ಹಾಳಾಗಲಿಲ್ಲ. ನನ್ನ ಬದಲು ನಿಮ್ಮ ಭಾವಮೈದುನನ್ನ ಕಳಿಸ್ದೆ. ಅವರು ಎಷ್ಟು ಹೇಳಿದ್ರೂ ಒಲ್ಲೆ ಅಂತಿದ್ರು. ಬೆಳಿಗ್ಗೆ ಆ ಬದಲಾವಣೆಯ ಫೈಲಿಗೆ ನೀವು ಹಾಕಿದ ಸಹಿ ತೋರಿಸಿದ್ಮೇಲೆ ಮಾತಾಡದೆ ವಿಮಾನ ಹತ್ತಿದ್ರು."