ಬಿಚ್ಚಿದ ಪೊಟ್ಟಣಗಳು

ಬಾಗಿಲ ಸಂದಿಯಿಂದ ಎಳ್ಳುರಾಯ ಕಂಡದ್ದು ತನ್ನ ಮಗಳನ್ನೇ. ಬೆಳಿಗ್ಗೆ ಅವನು ತೂಗಿ ಅಂಟಿಸಿಟ್ಟಿದ್ದ ಔಷಧದ ಪೊಟ್ಟಣವನ್ನು ಅವಳು ಬಿಚ್ಚುತ್ತಿದ್ದಳು. ಪುಡಿಯನ್ನು ತಕ್ಕಡಿಗೆ ಸುರಿದು, ಏನೋ ಮಾಡಿ, ಮತ್ತೆ ಅಂಟಿಸಿದಳು. ಏನು ಮಾಡಿದಳೆಂದು ಅವನಿಗೆ ಸರಿಯಾಗಿ ಕಾಣಲಿಲ್ಲ.

ಔಷಧ ಕಾರ್ಖಾನೆಯ ತೂಕದ ಕೋಣೆಯಲ್ಲಿದ್ದವರು ಅವರಿಬ್ಬರೇ. ತೂಗುವವನು ಅಪ್ಪ, ಪೆಟ್ಟಿಗೆಗೆ ತುಂಬುವವಳು ಮಗಳು. ಒಂದೆಳ್ಳಿನಷ್ಟು ಹೆಚ್ಚುಕಡಿಮೆಯನ್ನೂ ಸಹಿಸದವನೆಂದು ಅವನಿಗೆ ಆ ಅಡ್ಡಹೆಸರು. ಈಗ ಆಸ್ಪತ್ರೆಗಳಿಂದ ದೂರು ಬಂದಿತ್ತು: ಹೃದಯದ ಔಷಧದ ಕೆಲವು ಪೊಟ್ಟಣಗಳಲ್ಲಿ ತೂಕ ಹೆಚ್ಚು. ಹಾಗೇ ನುಂಗಿದರೆ ಜೀವಕ್ಕೇ ಅಪಾಯ. ತಪ್ಪಿನ ಮೂಲ ಸಿಗದಿದ್ದರೆ ಇಬ್ಬರನ್ನೂ ಮನೆಗೆ ಕಳಿಸುವುದಾಗಿ ಮ್ಯಾನೇಜರ್ ಹೇಳಿದ್ದ.

ಎಳ್ಳುರಾಯ ಹಟ ಹಿಡಿದು ಹುಡುಕಿದ್ದ. ಗಾಳಿಗೆ ತಟ್ಟೆ ಅಲುಗೀತೆಂದು ಫ್ಯಾನ್ ನಿಲ್ಲಿಸಿದ. ಅದುರೀತೆಂದು ಮೇಜನ್ನು ಯಂತ್ರಗಳಿಂದ ದೂರ ಎಳೆಸಿದ. ಹೊಸ ತಕ್ಕಡಿಯನ್ನೇ ತರಿಸಿದ. ಒಂದೊಂದು ಪೊಟ್ಟಣವನ್ನೂ ಮೂರು ಮೂರು ಸಲ ತೂಗಿದ. ಕಿಟಕಿಯ ಬೆಳಕು ಈಚೆಗೆ ಕಣ್ಣಿಗೆ ಚುಚ್ಚುತ್ತಿದ್ದುದರಿಂದ ಅವನು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅಲ್ಲಿಂದ ನೋಡಿದಾಗ ತಕ್ಕಡಿಯ ಮುಳ್ಳು ಮೂರು ಸಲವೂ ಅದೇ ಗೆರೆಯ ಮೇಲಿರುತ್ತಿತ್ತು. ಮೂರು ಸಲವೂ ಒಂದೇ ಬಂದರೆ ಅದು ಸತ್ಯವಲ್ಲದೆ ಇನ್ನೇನು?

ಉಳಿದದ್ದು ಮಗಳೊಬ್ಬಳೇ. ಈಚೆಗೆ ಅವಳ ಉಪಚಾರವೂ ಅತಿಯಾಗಿತ್ತಲ್ಲ! ಟೀ ಲೋಟವನ್ನು ಮೇಜಿನ ಮೇಲಿಡದೆ ಕೈಗೇ ಹಿಡಿಸುವುದು, ಮೆಟ್ಟಿಲಿಳಿಯುವಾಗ ತೋಳು ಹಿಡಿಯುವುದು. ತಪ್ಪು ಮಾಡಿದವರೇ ಹೀಗೆ ಬೆಣ್ಣೆ ಹಚ್ಚುವುದು ಎಂದುಕೊಂಡ.

ಮ್ಯಾನೇಜರ್ ಎದುರು ಹೋಗಿ ಹೇಳಿಯೇಬಿಟ್ಟ.

ಮ್ಯಾನೇಜರ್ ಅವಳನ್ನು ಕರೆಸಿದ. "ಪೊಟ್ಟಣ ಬಿಚ್ತಿದ್ದಿದ್ದು ನಿಜಾನಾ?"

"ಹೌದು ಸರ್."

"ಯಾಕಮ್ಮಾ?"

ಮಗಳು ಅಪ್ಪನ ಮುಖ ನೋಡಿದಳು. "ನಂದೇ ತಪ್ಪು ಸರ್. ನನ್ನ ತೆಗೆದುಹಾಕಿ. ಆದ್ರೆ ಅಪ್ಪನಿಗೂ ಬೇರೆ ಏನಾದ್ರೂ ಕೆಲಸ ಕೊಡಿ. ತೂಗೋದು ಬೇಡ."

"ಹೋಗೋವಾಗ್ಲೂ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯೇನೇ?" ಎಂದು ಅಪ್ಪ ಗದರಿದ.

ಅಂದೇ ಅವಳ ಕೆಲಸ ಹೋಯಿತು. ಮನೆಯಲ್ಲಿ ಅವನು ಮಗಳ ಜೊತೆ ಮಾತು ಬಿಟ್ಟ. ಇನ್ನು ಯಾರ ಜೀವಕ್ಕೂ ಭಯವಿಲ್ಲವೆಂದು ಸಮಾಧಾನ ಮಾಡಿಕೊಂಡ.

ಮರುದಿನ ತೂಗಿದವನೂ ಅವನೇ, ತುಂಬಿದವನೂ ಅವನೇ. ಸಂಜೆ ಮ್ಯಾನೇಜರ್ ಆ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಬೇರೆಯವರಿಂದ ಪರೀಕ್ಷೆ ಮಾಡಿಸಿದ. ವಾಪಸು ಬಂದವನು ಬಾಗಿಲಲ್ಲೇ ನಿಂತ.

"ಬೇರೆಯವರನ್ನ ಮುಳ್ಳಿನ ನೇರ ಎದುರಿಗೆ ನಿಲ್ಲಿಸಿ ತೂಗಿಸ್ದೆ. ಪಕ್ಕದಿಂದ ನೋಡಿದ್ರೆ ಮುಳ್ಳು ಬೇರೆ ಗೆರೆ ಮೇಲೆ ಕಾಣುತ್ತೆ. ಎಲ್ಲಾ ಹೆಚ್ಚಿದೆ. ಒಂದೂ ಸರಿ ಇಲ್ಲ."

"ಇವತ್ತು ಅವಳು ಬಂದೇ ಇಲ್ವಲ್ಲ ಸರ್!"

"ಅದಕ್ಕೇ."

ದೂರು ಬಂದಿದ್ದ ಪೊಟ್ಟಣಗಳೆಲ್ಲ, ಬಿಚ್ಚಿ ಸರಿಮಾಡಲು ಮಗಳಿಗೆ ಬಿಡುವು ಸಿಗದೆ ಹೋದಂಥವು.